ಬೆನೆಡಿಕ್ಟಾ ತಂದ ಗ್ಲೌಸು

ಬೆಳ್ಮಣ್ಣಿನಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೆನೆಡಿಕ್ಟಾಳನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೂ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಅವಳು ಶೆಡ್ಡಿಗೆ ಕಾಲಿಟ್ಟಳೆಂದರೆ ಹೆಂಗಸರ ಮಾತು ನಿಂತುಹೋಗುತ್ತಿತ್ತು, ಅವಳು ದಾಟಿ ಹೋದ ಮೇಲೆ ಬೆನ್ನ ಹಿಂದೆ ತುಳುವಿನಲ್ಲಿ ಒಂದು ಬೈಗುಳ ಬೀಳುತ್ತಿತ್ತು. ಅವಳಿಗೆ ತುಳು ಚೆನ್ನಾಗಿಯೇ ಬರುತ್ತಿತ್ತು. ಬೈದವಳು ಯಾರೆಂದು ತಿರುಗಿ ನೋಡದೆಯೇ ಹೇಳಬಲ್ಲಳು. ಆ ದಿನ ಸಂಜೆಯೊಳಗೆ ಆ ಹೆಂಗಸಿನ ತಟ್ಟೆಯಲ್ಲಿ ಏನಾದರೊಂದು ತಪ್ಪು ಸಿಕ್ಕೇ ಸಿಗುತ್ತಿತ್ತು.

ಅತ್ತೂರಿನ ಕಡೆಯ ಕ್ರಿಶ್ಚಿಯನ್ ಮನೆಯ ಹುಡುಗಿ ಅವಳು. ಶಾಲೆ ಬಿಟ್ಟ ವರ್ಷವೇ ಬೀಜ ಒಡೆಯುವ ಕೆಲಸಕ್ಕೆ ಸೇರಿದ್ದಳು. ಗೇರುಬೀಜದ ಸಿಪ್ಪೆಯೊಳಗೆ ಒಂದು ಎಣ್ಣೆ ಇರುತ್ತದೆ. ಅದು ಕೈಗೆ ತಾಗಿದರೆ ಮೊದಲು ಉರಿ, ಆಮೇಲೆ ಗುಳ್ಳೆ, ಕೊನೆಗೆ ಚರ್ಮ ಕಪ್ಪಾಗಿ ಸುಲಿದು ಬರುತ್ತದೆ. ಆಗೆಲ್ಲ ಗ್ಲೌಸು ಎಂಬ ಮಾತೇ ಇರಲಿಲ್ಲ. ಒಡೆಯುವ ಹೆಂಗಸರು ಕೈಗೆ ತೆಂಗಿನೆಣ್ಣೆ ಸವರಿ ಮೇಲೆ ಬೂದಿ ಹಚ್ಚಿಕೊಂಡು ಕೂರುತ್ತಿದ್ದರು. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ನೆಂಟರೆಲ್ಲ ಸೇರಿ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ, ಗಂಡಿನ ಕಡೆಯ ಒಬ್ಬಳು ಅವಳ ಕೈ ಎತ್ತಿ ಹಿಡಿದು, "ಇದೆಂತ, ಮಸಿ ಒಲೆಗೆ ಕೈ ಹಾಕಿದ್ದಾ?" ಎಂದು ಎಲ್ಲರಿಗೂ ತೋರಿಸಿದಳು. ಬಿರಿದ ಬೆರಳುಗಳಿಗೆ ಹಾಲು ಇಳಿದು ಕಣ್ಣಲ್ಲಿ ನೀರು ಬಂತು. ತವರು ಬಿಡುವ ದುಃಖ ಎಂದುಕೊಂಡರು ಎಲ್ಲರೂ.

ಗಂಡ ಟೆಂಪೊ ಓಡಿಸುತ್ತಿದ್ದ. ಕಾಮಾಲೆ ಬಂದು ಬೇಗನೆ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ. ಇಬ್ಬರ ನಡುವೆ ಮಾತೆಂದರೆ ಗ್ಯಾಸ್ ಮುಗಿದಾಗ, ಕರೆಂಟು ಹೋದಾಗ, ಅಷ್ಟೆ.

ಫ್ಯಾಕ್ಟರಿಯ ಮ್ಯಾನೇಜರ್ ಸಿರಿಲ್ ಅವಳನ್ನು ಸೂಪರ್‌ವೈಸರ್ ಮಾಡಿದ್ದು ಅವಳ ಮೇಲಿನ ಪ್ರೀತಿಯಿಂದಲ್ಲ. ಅವಳ ಎದುರಿಗೆ ಯಾರಿಗೂ ಸುಮ್ಮನೆ ಕೂರುವ ಧೈರ್ಯ ಇರಲಿಲ್ಲ ಎಂಬುದಕ್ಕೆ. ಆ ಕೆಲಸ ತನಗೇ ಸಿಗುತ್ತದೆಂದು ಅಲ್ಲಿಯ ತನಕ ನಂಬಿಕೊಂಡಿದ್ದವಳು ಸ್ವರ್ಣಲತಾ. ಬೀಜದ ತಿರುಳಿನ ಮೇಲಿನ ಕೆಂಪು ಸಿಪ್ಪೆಯನ್ನು ಸಣ್ಣ ಚೂರಿಯಿಂದ ಬಿಡಿಸುವ ಪೀಲಿಂಗ್ ವಿಭಾಗದಲ್ಲಿ ಅವಳೇ ಹಳಬಳು. ಕಾಪುವಿನ ಕಡಲ ಬದಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಬೆಳ್ಮಣ್ಣಿಗೆ ಮದುವೆಯಾಗಿ ಬಂದವಳು. ಗಾಳಿಗೆ ಎದುರಾಗಿ ಕೂಗಿ ಕೂಗಿ ಬೆಳೆದ ಗಂಟಲು. ಊಟದ ಹೊತ್ತಿಗೆ ಬೆನೆಡಿಕ್ಟಾ ನಡೆಯುವ ಹಾಗೆ ಸೊಂಟಕ್ಕೆ ಕೈಕೊಟ್ಟು ನಡೆದು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. "ಸಿರಿಲ್ ಸರ್‌ಗೆ ಬೇರೆ ಯಾರು ಕಾಣ್ಲಿಕ್ಕೆ? ಇಬ್ಬರದ್ದೂ ಒಂದೇ ಇಗರ್ಜಿ ಅಲ್ವಾ?" ಎಂದು ಅವಳು ಹೇಳಿದ ಮಾತು ಅದೇ ದಿನ ಬೆನೆಡಿಕ್ಟಾಳ ಕಿವಿಗೆ ಬಿತ್ತು. ಮರುದಿನದಿಂದ ಸ್ವರ್ಣಲತಾ ಬಿಡಿಸಿದ ತಿರುಳಿನ ತಟ್ಟೆ ದಿನವೂ ವಾಪಸು ಬರತೊಡಗಿತು. ಸಿಪ್ಪೆ ಉಳಿದಿದೆ, ತುದಿ ಮುರಿದಿದೆ, ಚೂರಿಯ ಗೀರು ಬಿದ್ದಿದೆ. ಒಮ್ಮೆಯಂತೂ ಬೆನೆಡಿಕ್ಟಾ ತಟ್ಟೆಯನ್ನು ಅವಳ ಮಡಿಲಿಗೇ ಮಗುಚಿದಳು.

ವಿದೇಶದ ಖರೀದಿದಾರರ ಕಡೆಯವರು ಫ್ಯಾಕ್ಟರಿ ನೋಡಲು ಬರುತ್ತಾರೆಂಬ ಸುದ್ದಿ ಬಂದದ್ದು ಇಂಥ ಕಾಲದಲ್ಲಿ. ಸಿರಿಲ್ ಬೆನೆಡಿಕ್ಟಾಳನ್ನು ಆಫೀಸಿಗೆ ಕರೆದ.

"ಎಲ್ಲ ಹೆಂಗಸರ ಕೈಯಲ್ಲಿ ಗ್ಲೌಸು ಕಾಣಬೇಕು. ಒಮ್ಮೆ ಹಾಕಿ ಬಿಸಾಡುವಂಥದ್ದು. ಕಟಪಾಡಿಯಲ್ಲಿ ಹೋಲ್‌ಸೇಲ್ ಅಂಗಡಿ ಉಂಟು, ಹೋಗಿ ತನ್ನಿ."

"ಯಾವುದು ತರುದು?"

"ಯಾವುದಾದರೆಂತ? ಕೈ ಮುಚ್ಚಿದರೆ ಸಾಕು."

ಕಟಪಾಡಿ ಜಂಕ್ಷನ್ನಿನಲ್ಲಿ ಶಫೀಕನ ಅಂಗಡಿ. ಪೇಪರ್ ತಟ್ಟೆ, ಲೋಟ, ಕ್ಯಾರಿಬ್ಯಾಗು, ಬೇಕರಿಯವರ ಟೋಪಿ, ಆಸ್ಪತ್ರೆಯವರ ಮಾಸ್ಕು, ಎಲ್ಲವೂ ಅಲ್ಲಿ. ಶಫೀಕ್ ಸೌದಿಯ ದಮಾಮಿನಲ್ಲಿ ಕಾರ್ಖಾನೆಗಳಿಗೆ ಸುರಕ್ಷತಾ ಸಾಮಾನು ಮಾರುವ ಅಂಗಡಿಯಲ್ಲಿ ಇದ್ದು ಬಂದವನು. ಗಿರಾಕಿ ಕೇಳದಿದ್ದರೂ ಬುದ್ಧಿ ಹೇಳುವ ಚಟ ಅವನಿಗೆ.

"ಗ್ಲೌಸಾ? ಯಾವ ಕೆಲಸಕ್ಕೆ ಬಾಯಮ್ಮ?" ಎಂದು ಆ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಕರೆದು ಕೇಳಿದ.

"ಕೈಗೆ ಹಾಕ್ಲಿಕ್ಕೆ."

"ಅದು ಗೊತ್ತುಂಟು. ಕೈಯಲ್ಲಿ ಎಂತ ಮಾಡ್ತೀರಿ ಅಂತ ಕೇಳಿದ್ದು. ಎಣ್ಣೆ ಮುಟ್ಲಿಕ್ಕುಂಟಾ, ತಿನ್ನುವ ವಸ್ತು ಮುಟ್ಲಿಕ್ಕುಂಟಾ, ಬಿಸಿ ಉಂಟಾ?"

"ಬೀಜದ ಫ್ಯಾಕ್ಟರಿ."

ಶಫೀಕ್ ಬಿಳಿ ಗ್ಲೌಸಿನ ಪೆಟ್ಟಿಗೆಯನ್ನು ಬದಿಗೆ ಸರಿಸಿದ. "ಹಾಗಾದರೆ ಇದು ಬೇಡ. ಇದು ಲೇಟೆಕ್ಸ್, ರಬ್ಬರ್ ಮರದ ಹಾಲಿನದ್ದು. ಎಣ್ಣೆ ತಾಗಿದರೆ ಉಬ್ಬಿ ಅಂಟಂಟು ಆಗ್ತದೆ. ಒಳಗೆ ಪೌಡರ್ ಬೇರೆ ಉಂಟು. ಕೆಲವರ ಮೈಗೆ ರಬ್ಬರ್ ಆಗುದಿಲ್ಲ ಕೂಡ. ನೀವು ನೈಟ್ರೈಲ್ ತಕ್ಕೊಳ್ಳಿ, ಈ ನೀಲಿಯದ್ದು."

ನೀಲಿಯದಕ್ಕೆ ಬೆಲೆ ಹೆಚ್ಚು. ಬೆನೆಡಿಕ್ಟಾ ಅವನ ಮುಖವನ್ನೇ ನೋಡಿದಳು. "ಹೆಚ್ಚಿನದ್ದು ದಾಟಿಸ್ಲಿಕ್ಕೆ ಎಷ್ಟು ಕಥೆ ಮಾರಾಯ್ರೇ ನಿಮ್ಮದು!"

"ಕಥೆ ಅಲ್ಲ. ನಾನು ಹತ್ತು ಊರಿನ ಕೆಲಸದವರಿಗೆ ಕೊಟ್ಟು ನೋಡಿದವ."

"ನಾನು ಬೀಜದೊಟ್ಟಿಗೆ ಬೆಳೆದವಳು. ಗೇರೆಣ್ಣೆ ಎಂತದು ಅಂತ ನನಗೆ ಹೇಳ್ಬೇಡಿ. ಬರಿಗೈಯಲ್ಲಿ ಒಡೆದದ್ದು ನಾವು. ಅದನ್ನೇ ಕೊಡಿ, ಬಿಳಿಯದ್ದು."

"ಕೊಡ್ತೇನೆ. ಮಾರಿದ ಮಾಲು ವಾಪಸು ತಕ್ಕೊಳ್ಳುದಿಲ್ಲ. ಆಮೇಲೆ ಬಂದು ಬೊಬ್ಬೆ ಹಾಕ್ಬೇಡಿ."

"ನಿಮ್ಮ ಅಂಗಡಿಗೆ ಇನ್ನೊಮ್ಮೆ ಬಂದರಲ್ವಾ!"

ಮರುದಿನ ಬೆಳಗ್ಗೆ ಶೆಡ್ಡಿನಲ್ಲಿ ಗ್ಲೌಸು ಹಂಚಲಾಯಿತು. ಬೀಜ ಒಡೆಯುವ ಕಡೆ ಅದು ಊಟದ ಹೊತ್ತಿನ ತನಕವೂ ನಿಲ್ಲಲಿಲ್ಲ. ಎಣ್ಣೆ ಹಿಡಿದ ಬೆರಳುಗಳಲ್ಲಿ ರಬ್ಬರ್ ಉಬ್ಬಿ, ಹಲಸಿನ ಮೇಣದ ಹಾಗೆ ಒಂದಕ್ಕೊಂದು ಅಂಟಿಕೊಂಡಿತು. ಒಬ್ಬಳು ಬೆರಳು ಬಿಡಿಸಲಾಗದೆ ಹಲ್ಲಿನಿಂದ ಕಚ್ಚಿ ಎಳೆದು ತುಟಿ ಸುಟ್ಟುಕೊಂಡಳು. ಬೆನೆಡಿಕ್ಟಾಳಿಗೆ ಅದು ಕಾಣಿಸಲಿಲ್ಲವೆಂದಲ್ಲ. ಹರಿದರೆ ಇನ್ನೊಂದು ಜೊತೆ ಹಾಕಿ ಎಂದು ಗದರಿಸಿ ಪೀಲಿಂಗ್ ಕಡೆಗೆ ಬಂದಳು.

ಅಲ್ಲಿ ಎಲ್ಲರೂ ಹಾಕಿಕೊಂಡಿದ್ದರು. ಸ್ವರ್ಣಲತಾಳ ಗ್ಲೌಸು ಮಾತ್ರ ಅವಳ ಎದುರಿಗೆ ಮೇಜಿನ ಮೇಲೆ ಬಿದ್ದಿತ್ತು.

"ನಿನಗೆ ಬೇರೆ ಹೇಳ್ಬೇಕಾ?"

"ನನಗೆ ಇದು ಆಗುದಿಲ್ಲ ಬಾಯಮ್ಮ. ಮಕ್ಕಳ ಬಲೂನು ಊದಿದರೆ ನನ್ನ ತುಟಿ ಊದಿಕೊಳ್ತದೆ. ರಬ್ಬರಿನ ವಾಸನೆಗೇ ಸೀನು ಬರ್ತದೆ. ನಾನು ಕೈ ಚೆಂದ ತೊಳೆದು ಬರಿಗೈಯಲ್ಲಿ ಮಾಡ್ತೇನೆ."

"ಕೆಲಸ ಅಂದರೆ ಸಾಕು, ನಿನಗೆ ಮೈಯೆಲ್ಲ ಊದ್ತದೆ."

ಸುತ್ತಲಿನವರು ನಕ್ಕರು. ಯಾವಾಗಲೂ ಸ್ವರ್ಣಲತಾಳ ಪಕ್ಷದಲ್ಲಿ ನಗುವವರೇ ಈಗ ಅವಳನ್ನು ನೋಡಿ ನಕ್ಕರು. ಅದು ಬೆನೆಡಿಕ್ಟಾಳಿಗೆ ರುಚಿಸಿತು.

"ಹಾಕು. ಇಲ್ಲದಿದ್ದರೆ ಚೂರಿ ಇಟ್ಟು ಮನೆಗೆ ನಡೆ. ನಾಳೆಯೂ ಬರ್ಬೇಡ."

ಸ್ವರ್ಣಲತಾ ಅವಳನ್ನೇ ನೋಡುತ್ತ ಒಂದೊಂದೇ ಬೆರಳು ತೂರಿಸಿ ಗ್ಲೌಸು ಹಾಕಿಕೊಂಡಳು. ಎಳೆದು ಬಿಟ್ಟಾಗ ಚಟ್ ಎಂದು ಸದ್ದಾಗಿ ಬಿಳಿ ಪೌಡರ್ ಹಾರಿತು.

ಚಾ ಬರುವ ಮೊದಲೇ ಅವಳು ಕತ್ತು ತುರಿಸಿಕೊಳ್ಳತೊಡಗಿದಳು. ಮಣಿಕಟ್ಟಿನಿಂದ ಮೊಣಕೈ ತನಕ ಕೆಂಪು ದದ್ದು ಎದ್ದಿತು. ಕಣ್ಣಿನ ರೆಪ್ಪೆ ದಪ್ಪವಾಯಿತು. ಪಕ್ಕದವಳು ಏನಾಯಿತೆಂದು ಕೇಳುವಷ್ಟರಲ್ಲಿ ಸ್ವರ್ಣಲತಾ ಎದ್ದು ನಿಂತು, ಮೇಜು ಹಿಡಿದು, ಹಾಗೇ ಕೆಳಗೆ ಕುಸಿದಳು. ಉಸಿರು ಎಳೆದುಕೊಳ್ಳುವಾಗ ಹಳೆಯ ಬಾಗಿಲಿನ ಹಾಗೆ ಸದ್ದು ಬರುತ್ತಿತ್ತು. ಹೆಂಗಸರು ಓಡಿ ಬಂದು ಎದೆ ತಿಕ್ಕಿದರು, ಮುಖ ಒರೆಸಿದರು. ಅವರೆಲ್ಲರ ಕೈಯಲ್ಲೂ ಅದೇ ಬಿಳಿ ಗ್ಲೌಸು.

ಬೆನೆಡಿಕ್ಟಾ ಓಡಿ ಬಂದಳು. ದದ್ದು ಎಲ್ಲಿಂದ ಶುರುವಾಗಿದೆ ಎಂಬುದು ಅವಳ ಕಣ್ಣಿಗೆ ಬಿತ್ತು. ಗಂಟಲು ಹರಿಯುವ ಹಾಗೆ ಕೂಗಿದಳು. "ಕೈ ತೆಗೀರಿ ಎಲ್ಲ! ಮುಟ್ಬೇಡಿ ಅವಳನ್ನು! ಗ್ಲೌಸಿನ ಕೈಯಲ್ಲಿ ಮುಟ್ಬೇಡಿ!"

ಮೊಣಕಾಲೂರಿ ಕೂತು ಸ್ವರ್ಣಲತಾಳ ಗ್ಲೌಸನ್ನು ಕಿತ್ತು ಎಸೆದಳು. ಬಾಟಲಿಯ ನೀರು ಸುರಿದು ಅವಳ ಕೈ ತೊಳೆದಳು. ಫ್ಯಾಕ್ಟರಿಯ ಜೀಪಿನಲ್ಲಿ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳ್ಮಣ್ಣಿನ ಡಾಕ್ಟರರ ಹತ್ತಿರ ಒಯ್ದಳು. ಅವರು ನೋಡಿದವರೇ ತೊಡೆಗೆ ಇಂಜೆಕ್ಷನ್ ಚುಚ್ಚಿ, ಆಕ್ಸಿಜನ್ ಇಟ್ಟು, ಆಂಬುಲೆನ್ಸ್ ತರಿಸಿ ಮಣಿಪಾಲಕ್ಕೆ ಕಳುಹಿಸಿದರು. ದಾರಿಯುದ್ದಕ್ಕೂ ಸ್ವರ್ಣಲತಾಳ ಊದಿದ ಕಣ್ಣು ಅರ್ಧ ತೆರೆದೇ ಇತ್ತು. ಮಾತು ಹೊರಡುತ್ತಿರಲಿಲ್ಲ. ಆದರೂ ಬೆನೆಡಿಕ್ಟಾ ಕೈ ಹಿಡಿಯಲು ಹೋದಾಗ ಅವಳು ಕೈ ಎಳೆದುಕೊಂಡಳು.

ಮಣಿಪಾಲದ ಆಸ್ಪತ್ರೆಯಲ್ಲಿ ಜೀವಕ್ಕೆ ಅಪಾಯವಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಕಾಪುವಿನಿಂದ ಅವಳ ಅಣ್ಣ ಧರ್ಮಪಾಲ ಬಂದು ತಲುಪಿದ್ದ. ಬೋಟಿನ ಕೆಲಸದಿಂದ ಎದ್ದು ಹಾಗೆಯೇ ಬಂದ ಆಳು; ಅಂಗಿಗೆ ಇನ್ನೂ ಡೀಸೆಲ್ ವಾಸನೆ ಇತ್ತು. ಡಾಕ್ಟರ್ ಹೊರಗೆ ಬಂದು ಇದು ರಬ್ಬರಿನ ಅಲರ್ಜಿ ಎಂದರು.

"ರಬ್ಬರ್ ಆಗದ ಕೆಲವರಿಗೆ ಬಾಳೆಹಣ್ಣೂ ಆಗುದಿಲ್ಲ. ಅದು ತಿಂದರೆ ಬಾಯಿ ತುರಿಸ್ತದೆ ಅಂತ ಹೇಳ್ತಿದ್ದರಾ? ಬಲೂನು, ರಬ್ಬರ್ ಮುಟ್ಟಿದರೆ ಮೊದಲು ಏನಾದರೂ ಆದದ್ದುಂಟಾ?"

ಧರ್ಮಪಾಲನಿಗೆ ಗೊತ್ತಿರಲಿಲ್ಲ. ಬೆನೆಡಿಕ್ಟಾಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಆ ಹೊತ್ತಿಗೆ ಯಾರೂ ಕೇಳುತ್ತಿರಲಿಲ್ಲ.

"ಬಲೂನಿಗೆ ತುಟಿ ಊದ್ತದಂತೆ," ಎಂದಳು. "ಬೆಳಗ್ಗೆ ನನ್ನ ಹತ್ತಿರ ಹೇಳಿದ್ದಳು."

ಧರ್ಮಪಾಲ ತಿರುಗಿದ. "ಹೇಳಿದ್ದಳಾ? ಮತ್ತೆ?"

"ನಾನೇ ಹಾಕಿಸಿದ್ದು."

ಅವನು ಕೈ ಎತ್ತಲಿಲ್ಲ. ಡಾಕ್ಟರ್ ಎದುರಿಗಿದ್ದರು. ಹತ್ತಿರ ಬಂದು ಸಣ್ಣ ದನಿಯಲ್ಲಿ, "ನನ್ನ ತಂಗಿ ಬದುಕಿದಳು ಅಂತ ನೀವು ಇಲ್ಲಿ ನಿಂತಿದ್ದೀರಿ. ಇಲ್ಲದಿದ್ದರೆ ನಿಲ್ತಿರಲಿಲ್ಲ. ಈಗ ಹೋಗಿ. ನಿಮ್ಮ ಮುಖ ಇಲ್ಲಿ ಬೇಡ," ಎಂದ.

ಅವಳು ಹೋದಳು. ಟೈಗರ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಬೇರೆ ಯಾರಾದರೂ ಅದೇ ಮಾತು ಹೇಳಿದ್ದರೆ ತಾನು ಒತ್ತಾಯ ಮಾಡುತ್ತಿದ್ದೆನೆ? ಬಲೂನಿನ ಮಾತನ್ನು ಸುಳ್ಳು ಎಂದು ನಂಬಿಯೇ ಹಾಕಿಸಿದ್ದೆನೆ, ಅಥವಾ ಒಂದಿಷ್ಟು ತುರಿಸಲಿ ಎಂದೆ? ಅವಳಿಗೆ ಉತ್ತರ ಸಿಗಲಿಲ್ಲ. ಶೆಡ್ಡಿನವರಿಗೆ ಮಾತ್ರ ಸಿಕ್ಕಿತ್ತು. ಮರುದಿನ ಅವಳು ಒಳಗೆ ಬರುವಾಗ ಯಾರೂ ಮಾತು ನಿಲ್ಲಿಸಲಿಲ್ಲ. ಅವಳ ಎದುರಿಗೇ, ಕೇಳುವ ಹಾಗೆಯೇ ಹೇಳಿದರು: "ಕೊಲ್ಲಲಿಕ್ಕೇ ತಂದದ್ದು."

ಸಿರಿಲ್ ಆಫೀಸಿನ ಬಾಗಿಲು ಹಾಕಿ ಮಾತಾಡಿದ. "ನೋಡಿ, ಅವಳಿಗೆ ಮೊದಲೇ ದಮ್ಮು ಇತ್ತು ಅಂತ ಹೇಳುವ. ಸಿಪ್ಪೆಯ ಧೂಳಿಗೆ ಜಾಸ್ತಿ ಆಯ್ತು. ನೀವು ಹಾಗೆ ಹೇಳಿದರೆ ನಿಮಗೂ ಒಳ್ಳೆದು, ನಮಗೂ ಒಳ್ಳೆದು."

"ದಮ್ಮು ಇರ್ಲಿಲ್ಲ."

"ನಿಮ್ಮನ್ನು ಉಳಿಸ್ಲಿಕ್ಕೆ ನಾನು ಹೇಳುದು."

"ನನ್ನನ್ನು ಉಳಿಸ್ಬೇಡಿ. ಯಾವುದಾದರೂ ತನ್ನಿ ಅಂತ ಹೇಳಿದವರು ನೀವು. ಕೆಟ್ಟದ್ದನ್ನೇ ಆರಿಸಿ ತಂದವಳು ನಾನು. ಅವಳ ಶ್ವಾಸದ ಮೇಲೆ ಹಾಕುದು ಎಂತದಕ್ಕೆ?"

ಆ ವಾರವೇ ಧರ್ಮಪಾಲ ಕಾಪುವಿನಿಂದ ಒಂದು ಟೆಂಪೊ ತುಂಬ ಜನರನ್ನು ಕರೆದುಕೊಂಡು ಬಂದು ಗೇಟಿನಲ್ಲಿ ಕೂತ. ಒಳಗಿನ ಹೆಂಗಸರೂ ಹೊರಗೆ ಬಂದು ಅವರೊಟ್ಟಿಗೆ ನಿಂತರು. ಬೊಬ್ಬೆ ಜೋರಾದಾಗ ಸಿರಿಲ್ ಕೆಳಗಿಳಿದು ಬಂದು ಮಾತುಕತೆ ಮಾಡಿದ. ಚಿಕಿತ್ಸೆಯ ಖರ್ಚು ಫ್ಯಾಕ್ಟರಿಯದ್ದು, ಸರಿಯಾದ ಗ್ಲೌಸು ಬರುತ್ತದೆ, ಬೆನೆಡಿಕ್ಟಾ ಇನ್ನು ಸೂಪರ್‌ವೈಸರ್ ಅಲ್ಲ. ಕೊನೆಯ ಮಾತಿಗೆ ಚಪ್ಪಾಳೆ ಬಿತ್ತು. ಬೆನೆಡಿಕ್ಟಾ ಜಗಲಿಯಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು.

ಸರಿಯಾದ ಗ್ಲೌಸು ತರಲು ಯಾರು ಹೋಗುವುದು ಎಂಬ ಪ್ರಶ್ನೆ ಬಂದಾಗ ಯಾರೂ ಮುಂದೆ ಬರಲಿಲ್ಲ. ಮತ್ತೇನಾದರೂ ಆದರೆ ತಲೆಗೆ ಕಟ್ಟಿಕೊಳ್ಳುವವರು ಯಾರು? "ತಂದವಳೇ ಹೋಗಲಿ" ಎಂದರು. ಅವಳು ಹೋದಳು. ಹೋಗುವ ಮೊದಲು ಒಡೆದ ಬೀಜದ ಹಸಿ ಸಿಪ್ಪೆ ಒಂದು ಮುಷ್ಟಿ ಡಬ್ಬಿಗೆ ತುಂಬಿಸಿಕೊಂಡಳು.

ಶಫೀಕ್ ಅವಳನ್ನು ಕಂಡ ಕೂಡಲೇ ಕುರ್ಚಿಗೆ ಒರಗಿದ. ಸುದ್ದಿ ಅವನಿಗೂ ತಲುಪಿತ್ತು.

"ನನ್ನ ಅಂಗಡಿಗೆ ಇನ್ನೊಮ್ಮೆ ಬರುದಿಲ್ಲ ಅಂದವರು ಯಾರಪ್ಪ?"

"ಬಂದಿದ್ದೇನೆ. ಬೈಯುದಾದರೆ ಬೇಗ ಬೈದು ಮುಗಿಸಿ. ನನಗೆ ಬಸ್ಸು ಉಂಟು."

"ನಾನು ಅಂದೇ ಹೇಳ್ಲಿಲ್ವಾ?"

"ಹೇಳಿದ್ದೀರಿ. ಆದರೆ ಮಾರಿದ್ದೂ ನೀವೇ. ಮೈಗೆ ಆಗುದಿಲ್ಲ ಅಂತ ಗೊತ್ತಿದ್ದೂ ಕೊಟ್ಟಿರಲ್ಲ, ಅದೆಂತ ವ್ಯಾಪಾರ?"

ಶಫೀಕನ ಮುಖ ಕೆಂಪಾಯಿತು. ಎದ್ದು ಹೋಗಿ ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ತಂದು ಮೇಜಿನ ಮೇಲೆ ಒಗೆದ. "ಬನ್ನಿ. ಈ ಸಲ ನೀವೇ ನೋಡಿ."

ಬೆನೆಡಿಕ್ಟಾ ಡಬ್ಬಿ ತೆರೆದು ಒಂದೊಂದು ಬಗೆಯ ಗ್ಲೌಸಿನ ಮೇಲೂ ಸಿಪ್ಪೆಯನ್ನು ಹಿಂಡಿ ಇಟ್ಟಳು. ಇಬ್ಬರೂ ಚಾ ಕುಡಿಯದೆ, ಒಬ್ಬರ ಮುಖ ಒಬ್ಬರು ನೋಡದೆ ಕಾದರು. ಬಿಳಿಯ ಲೇಟೆಕ್ಸ್ ಸುಕ್ಕುಗಟ್ಟಿ ಉಬ್ಬಿತು, ಬೆರಳಿನಿಂದ ಒತ್ತಿದರೆ ಅಂಟಿತು. ವಿನೈಲ್ ಎಂಬ ಪಾರದರ್ಶಕ ಗ್ಲೌಸು ಗಟ್ಟಿಯಾಗಿ, ಮಡಚಿದಲ್ಲಿ ಸೀಳಿತು.

"ವಿನೈಲ್ ತರಕಾರಿಯವರಿಗೆ, ಗುಡಿಸಿ ಒರೆಸುವವರಿಗೆ ಸಾಕು," ಎಂದ ಶಫೀಕ್. "ಬೀಜದ ತಿರುಳಿನಲ್ಲೂ ಕೊಬ್ಬು ಉಂಟು. ಕೊಬ್ಬಿನ ತಿಂಡಿಗೆ ಅದು ಒಳ್ಳೆದಲ್ಲ."

ನೀಲಿ ನೈಟ್ರೈಲ್ ಮಾತ್ರ ಇದ್ದ ಹಾಗೇ ಇತ್ತು. ಆದರೆ ಅದರಲ್ಲಿ ತೆಳ್ಳಗಿನದನ್ನು ಬೆನೆಡಿಕ್ಟಾ ಸಿಪ್ಪೆಯ ಅಂಚಿನಿಂದ ಗೀರಿದಾಗ ಹರಿಯಿತು.

"ಇದು ಒಡೆಯುವವರಿಗೆ ಆಗ್ಲಿಕ್ಕಿಲ್ಲ."

"ಅವರಿಗೆ ದಪ್ಪದ್ದು ಕೊಡಿ. ಒಳಗೊಂದು ತೆಳು ಬಟ್ಟೆಯ ಗ್ಲೌಸು, ಬೆವರು ಹೀರ್ಲಿಕ್ಕೆ. ತೆಳ್ಳಗಿನದ್ದು ಪೀಲಿಂಗಿಗೆ. ನೀಲಿ ಯಾಕೆ ಅಂದರೆ, ತುಂಡು ಬಿದ್ದರೂ ತಿರುಳಿನ ನಡುವೆ ಕಣ್ಣಿಗೆ ಕಾಣ್ತದೆ."

"ಮತ್ತೆ ಬೋರ್ಮದಲ್ಲಿ? ಒಣಗಿಸುವ ಒಲೆಯ ಬಿಸಿ ತಟ್ಟೆ ಎತ್ಲಿಕ್ಕೆ?"

"ಅಲ್ಲಿಗೆ ಇದರಲ್ಲಿ ಒಂದೂ ಆಗುದಿಲ್ಲ. ಕರಗಿ ಚರ್ಮಕ್ಕೆ ಹಿಡೀತದೆ. ದಪ್ಪ ಬಟ್ಟೆಯದ್ದೇ ಬೇಕು. ಮೋಟಾರ್ ತಿರುಗುವಲ್ಲಿ ಗ್ಲೌಸೇ ಬೇಡ, ಎಳಕೊಂಡು ಹೋಗ್ತದೆ. ಕೈಯ ಅಳತೆ ತಂದಿದ್ದೀರಾ?"

ಅವಳು ತಂದಿರಲಿಲ್ಲ. ಗ್ಲೌಸಿಗೆ ಅಳತೆಯುಂಟೆಂದೇ ಅವಳಿಗೆ ಗೊತ್ತಿರಲಿಲ್ಲ. ದೊಡ್ಡದಾದರೆ ಬೆರಳ ತುದಿ ಚೂರಿಗೆ ಸಿಗುತ್ತದೆ, ಸಣ್ಣದಾದರೆ ಕೈ ಜೋಮು ಹಿಡಿಯುತ್ತದೆ ಎಂದು ಶಫೀಕ್ ಗೊಣಗುತ್ತಲೇ ಮೂರೂ ಅಳತೆಯವನ್ನು ಕಟ್ಟಿಸಿದ. ಹೋಗುವಾಗ ಹಿಂದಿನಿಂದ, "ಅವರು ಹೇಗಿದ್ದಾರೆ ಈಗ, ಆ ಹೆಂಗಸು?" ಎಂದು ಕೇಳಿದ.

"ನನಗೆ ಯಾರು ಹೇಳ್ತಾರೆ?" ಎಂದಳು ಬೆನೆಡಿಕ್ಟಾ.

ಸ್ವರ್ಣಲತಾ ಮರಳಿ ಬಂದಾಗ ಸಿರಿಲ್ ಅವಳನ್ನೇ ಸೂಪರ್‌ವೈಸರ್ ಮಾಡಿದ. ಧರ್ಮಪಾಲನ ಟೆಂಪೊ ಇನ್ನೊಮ್ಮೆ ಬರುವುದು ಅವನಿಗೆ ಬೇಡವಾಗಿತ್ತು. ಮೊದಲ ದಿನವೇ ಅವಳು ಬೆನೆಡಿಕ್ಟಾಳನ್ನು ಬೀಜ ಒಡೆಯುವ ಕಡೆಗೆ ಕಳುಹಿಸಿದಳು. ಶಾಲೆ ಬಿಟ್ಟು ಬಂದ ಹುಡುಗಿಯಾಗಿದ್ದಾಗ ಬೆನೆಡಿಕ್ಟಾ ಕೂತಿದ್ದ ಅದೇ ಕೆಲಸ. ಸ್ವರ್ಣಲತಾ ನೀಲಿ ಗ್ಲೌಸಿನ ಪೆಟ್ಟಿಗೆಯನ್ನು ಬೇರೆ ಯಾರಿಂದಲೂ ತೆರೆಸಲಿಲ್ಲ. ತಾನೇ ಸೀಲು ಒಡೆದು, ಒಂದನ್ನು ಎಡಗೈಗೆ ಮಾತ್ರ ಹಾಕಿ, ಕಿಟಕಿಯ ಹತ್ತಿರ ಕೂತು ಬಹಳ ಹೊತ್ತು ತನ್ನ ಕೈಯನ್ನೇ ನೋಡುತ್ತಿದ್ದಳು. ಏನೂ ಆಗಲಿಲ್ಲ. ಎದ್ದು ಬಂದು ಬೆನೆಡಿಕ್ಟಾ ಒಡೆದ ಬೀಜದ ರಾಶಿಯಲ್ಲಿ ಕೈಯಾಡಿಸಿ ಹೇಳಿದಳು:

"ತುಂಡೇ ಜಾಸ್ತಿ ಉಂಟು. ಕೈ ಮರೆತುಹೋಗಿದೆ ನಿಮಗೆ. ಮತ್ತೆ ಆರಿಸಿ ಕೊಡಿ."

ದಿನವೂ ಅದೇ ಆಯಿತು. ಯಾರೂ ಬೆನೆಡಿಕ್ಟಾಳ ಬದಿಯಲ್ಲಿ ಕೂರಲಿಲ್ಲ. ಊಟದ ಹೊತ್ತಿಗೆ ಅವಳು ಸಿಪ್ಪೆ ತುಂಬಿದ ಚೀಲಗಳ ಹತ್ತಿರ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಕೆಲಸ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಅವರು ಹೇಳಿದ ಮಾತು ನಿಜವೆಂದು ಒಪ್ಪಿದ ಹಾಗಾಗುತ್ತದೆ ಎಂದು ಅವಳು ಬಿಡಲಿಲ್ಲ.

ಖರೀದಿದಾರರ ಕಡೆಯವರು ಬಂದರು. ಬಾಗಿಲಲ್ಲಿ ನಿಂತು ಶೆಡ್ಡನ್ನು ನೋಡಿದರು. ಬೆಂಕಿ ಆರಿಸುವ ಸಿಲಿಂಡರಿನ ಫೋಟೊ ತೆಗೆದರು, ಎಳನೀರು ಕುಡಿದು ಹೋದರು. ಗ್ಲೌಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅವರು ಹೋದ ಮೇಲೆ ಸಿರಿಲನಿಗೆ ಧೈರ್ಯ ಬಂತು. ಶಫೀಕನ ಅಂಗಡಿಯ ನೀಲಿ ಗ್ಲೌಸು ದುಬಾರಿಯೆಂದು ಹೊರಗಿನ ಯಾವನೋ ಏಜೆಂಟನಿಂದ ಹೊಸ ಮಾಲು ತರಿಸಿದ. ಅದೂ ನೀಲಿಯೇ. ಬೆಳಗ್ಗೆ ಒಡೆಯುವವರಿಗೆ ಮೊದಲು ಹಂಚಲಾಯಿತು. ಪೀಲಿಂಗಿನ ಪೆಟ್ಟಿಗೆಗಳನ್ನು ಸ್ವರ್ಣಲತಾಳ ಮೇಜಿನ ಮೇಲೆ ಇಟ್ಟರು.

ಬೆನೆಡಿಕ್ಟಾ ಎಂದಿನಂತೆ ಹಾಕಿಕೊಂಡು ಕೂತಳು. ಕೆಲವು ಬೀಜ ಒಡೆಯುವಷ್ಟರಲ್ಲಿ ಹೆಬ್ಬೆರಳು ತೋರುಬೆರಳಿಗೆ ಅಂಟಿತು. ಬಿಡಿಸಿದಳು, ಮತ್ತೆ ಅಂಟಿತು. ಮೂಗಿನ ಹತ್ತಿರ ತಂದು ಮೂಸಿದಳು. ಸೈಕಲ್ ಟ್ಯೂಬಿನ ವಾಸನೆ.

ತಿರುಗಿ ನೋಡಿದರೆ ಶೆಡ್ಡಿನ ಆ ಕೊನೆಯಲ್ಲಿ ಸ್ವರ್ಣಲತಾ ಪೆಟ್ಟಿಗೆಯ ಬಾಯಿ ಹರಿಯುತ್ತಿದ್ದಳು.

"ಏ ಸ್ವರ್ಣಲತಾ! ಮುಟ್ಬೇಡ! ಪೆಟ್ಟಿಗೆ ಬಿಡು!"

ಮೆಷಿನ್ನುಗಳ ಸದ್ದಿನ ಮೇಲೆಯೂ ಆ ಕೂಗು ಕೇಳಿಸಿತು. ಎಲ್ಲರೂ ತಲೆ ಎತ್ತಿದರು. ಸ್ವರ್ಣಲತಾಳ ಕೈ ನಿಂತಿತು. ಆದರೆ ಮುಖ ಬಿಗಿಯಿತು.

"ಯಾರಿಗೆ ಹೇಳುದು ನೀವು? ಏಕವಚನದಲ್ಲಿ ಕರೀಲಿಕ್ಕೆ ನಾನು ನಿಮ್ಮ ಮನೆಯ ಕೆಲಸದವಳಲ್ಲ."

"ಅದು ರಬ್ಬರ್! ನೀಲಿ ಬಣ್ಣ ಕೊಟ್ಟದ್ದು ಅಷ್ಟೆ. ಎಣ್ಣೆಗೆ ಅಂಟ್ತಾ ಉಂಟು, ನೋಡು... ನೋಡಿ!" ಬೆನೆಡಿಕ್ಟಾ ಅಂಟಿಕೊಂಡ ಬೆರಳುಗಳನ್ನು ಎತ್ತಿ ಹಿಡಿದಳು. ಹತ್ತಿರ ಹೋಗಲಿಲ್ಲ. ದೂರದಿಂದಲೇ ಗ್ಲೌಸು ಬಿಚ್ಚಿ ನೆಲಕ್ಕೆ ಎಸೆದಳು. "ಪೆಟ್ಟಿಗೆಯ ಹಿಂದೆ ಬರೆದಿರ್ತದೆ. ಬೇರೆಯವರು ಓದಲಿ. ನೀವು ಹೊರಗೆ ಹೋಗಿ ಕೈ ತೊಳೀರಿ."

ಪಕ್ಕದವಳು ಪೆಟ್ಟಿಗೆ ತಿರುಗಿಸಿದಳು. ಅಡಿಯಲ್ಲಿ, ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಲೇಟೆಕ್ಸ್ ಎಂದೇ ಇತ್ತು. ಸ್ವರ್ಣಲತಾ ಹೊರಗೆ ಹೋಗಿ ನಳ್ಳಿಯ ಕೆಳಗೆ ಕೈ ಹಿಡಿದು ನಿಂತಳು. ಬಹಳ ಹೊತ್ತು ತೊಳೆದಳು.

ಒಳಗೆ ಬಂದವಳೇ ನೇರ ಆಫೀಸಿಗೆ ನಡೆದಳು. ಅರ್ಧ ದಾರಿಯಲ್ಲಿ ನಿಂತು, ತಿರುಗದೆ, "ಬನ್ನಿ ನೀವೂ" ಎಂದಳು.

ಸಿರಿಲ್ ಫೋನಿನಲ್ಲಿದ್ದ. ಸ್ವರ್ಣಲತಾ ಫೋನಿಗೆ ಕಾಯಲಿಲ್ಲ. "ನನ್ನನ್ನು ಎರಡನೇ ಸಲ ಮಣಿಪಾಲಕ್ಕೆ ಕಳಿಸ್ಲಿಕ್ಕೆ ನೋಡ್ತೀರಾ? ಮೊದಲನೇ ಸಲ ಈ ಬಾಯಮ್ಮನಿಗೆ ಗೊತ್ತಿರ್ಲಿಲ್ಲ ಅಂತ ಇಟ್ಟುಕೊಳ್ಳುವ. ನಿಮಗೆ ಎಲ್ಲ ಗೊತ್ತುಂಟಲ್ಲ?"

"ನೀಲಿ ತಾನೇ ಬೇಕು ಅಂದದ್ದು? ನೀಲಿ ತಂದಿದ್ದೇನೆ."

"ಬಣ್ಣ ಯಾರು ಕೇಳಿದ್ದು?" ಎಂದಳು ಬೆನೆಡಿಕ್ಟಾ. "ಬಣ್ಣ ನೋಡಿ ತರ್ಲಿಕ್ಕೆ ಇದು ಸೀರೆಯಾ? ಎಂತದರಿಂದ ಮಾಡಿದ್ದು ಅಂತ ನೋಡ್ಬೇಕು. ಒಡೆಯುವಲ್ಲಿಯೂ ಇದು ಒಂದು ಗಳಿಗೆ ನಿಲ್ಲುದಿಲ್ಲ."

"ನೀವು ಸುಮ್ಮನಿರಿ. ಇಷ್ಟಕ್ಕೆಲ್ಲ ಮೂಲ ನೀವೇ."

"ಹೌದು, ನಾನೇ. ಅದಕ್ಕೇ ಹೇಳುದು."

ಇಬ್ಬರೂ ಮೇಜಿನ ಒಂದೇ ಬದಿಯಲ್ಲಿ ನಿಂತು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುತ್ತ ಜಗಳ ಮಾಡಿದರು. ನಡುನಡುವೆ ಸ್ವರ್ಣಲತಾ, "ನನಗೆ ಮಾತಾಡ್ಲಿಕ್ಕೆ ಬಿಡಿ" ಎಂದು ಬೆನೆಡಿಕ್ಟಾಳನ್ನೂ ಗದರಿಸಿದಳು. ಕೊನೆಗೆ ಸ್ವರ್ಣಲತಾ ಮೊಬೈಲ್ ತೆಗೆದು ಅಣ್ಣನ ನಂಬರು ಒತ್ತಿದಾಗ ಸಿರಿಲ್ ಕೈ ಮುಗಿದ. ಆ ಪೆಟ್ಟಿಗೆಗಳು ಅದೇ ದಿನ ವಾಪಸು ಹೋದವು. ಶೆಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸುವ ತನಕ ಸ್ವರ್ಣಲತಾ ಹೊರಗೇ ಕೂತಳು.

ಆಫೀಸಿನಿಂದ ಹೊರಗೆ ಬರುವಾಗ ಬೆನೆಡಿಕ್ಟಾ ಮೆಟ್ಟಿಲಿನ ಮೇಲೆ ಒಂದು ಕ್ಷಣ ನಿಂತಿದ್ದಳು. ಬಹುಶಃ ಒಂದು ಮಾತಿಗೆ ಕಾದಿದ್ದಳೋ ಏನೋ.

ಸ್ವರ್ಣಲತಾ ಅವಳನ್ನು ದಾಟಿ ಇಳಿದು, ಕೆಳಗಿನಿಂದ ತಿರುಗಿ ನೋಡಿದಳು. "ಇವತ್ತು ಕೂಗಿದಿರಿ ಅಂತ ಆ ದಿನದ್ದು ಮರೀತೇನೆ ಅಂತ ಎಣಿಸ್ಬೇಡಿ. ನನ್ನ ಉಸಿರು ನಿಂತದ್ದು ನನಗೆ ಗೊತ್ತು."

"ಮರೀರಿ ಅಂತ ನಾನು ಹೇಳ್ಲಿಲ್ಲ," ಎಂದಳು ಬೆನೆಡಿಕ್ಟಾ.

ಈಗಲೂ ಅವರಿಬ್ಬರು ಅದೇ ಫ್ಯಾಕ್ಟರಿಯಲ್ಲಿದ್ದಾರೆ. ಹೊಸ ಮಾಲು ಬಂದಾಗ ಪೆಟ್ಟಿಗೆ ಮೊದಲು ಬೆನೆಡಿಕ್ಟಾಳ ಹತ್ತಿರ ಹೋಗುತ್ತದೆ. ಅವಳು ಅಡಿಯ ಬರಹ ಓದಿ, ಒಂದನ್ನು ತೆಗೆದು ಸಿಪ್ಪೆಯ ಎಣ್ಣೆ ಸವರಿ ನೋಡಿ, "ಆಗ್ತದೆ" ಎಂದೋ "ಬೇಡ" ಎಂದೋ ಹೇಳುತ್ತಾಳೆ. ಸ್ವರ್ಣಲತಾ ಶೆಡ್ಡಿನ ಆಚೆ ಬದಿಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಾಳೆ. ಇಬ್ಬರ ನಡುವೆ ಬೇರೆ ಮಾತಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬೆನೆಡಿಕ್ಟಾ ಕಾರ್ಕಳದ ಬಸ್ಸಿಗೆ ರಸ್ತೆಯ ಈಚೆ, ಸ್ವರ್ಣಲತಾ ಬೆಳ್ಮಣ್ಣಿನ ಬಸ್ಸಿಗೆ ಹೂವಿನ ಅಂಗಡಿಯ ಹತ್ತಿರ ಆಚೆ ನಿಂತಿರುತ್ತಾರೆ. ಅವರ ಮಧ್ಯೆ ಲಾರಿಗಳು ಹಾದುಹೋಗುತ್ತಿರುತ್ತವೆ.